ಆರನೇ ಮನೆಯ ಗುರುತು

ನಮ್ಮ ಮನೆಗೆ ಕಟ್ಟಿದ ಗೋಡೆಗಳು ಮೂರೇ, ನಾಲ್ಕನೆಯದು ಗುಡ್ಡದ್ದು. ಎರಡಾಳೆತ್ತರದ ಒಂದು ಗುಂಡುಕಲ್ಲಿಗೆ ಒತ್ತಿಕೊಂಡು ಮೂರು ಕಡೆ ಕಲ್ಲು ಪೇರಿಸಿ, ಮಣ್ಣು ಮೆತ್ತಿ, ಮೇಲೆ ಹುಲ್ಲು ಹೊದಿಸಿದ್ದರು. ಯಾವ ಮುತ್ತಜ್ಜ ಕಟ್ಟಿದನೋ, ಒಂದು ಗೋಡೆಯ ಕೆಲಸ ಉಳಿಸಿದ ಜಾಣ ಅವನು. ಶಹಾಪುರದ ಬಸ್‌ಸ್ಟ್ಯಾಂಡಿನ ಡಾಂಬರು ಅಂಗಾಲಿಗೆ ಹತ್ತುವಂಥ ಬೇಸಿಗೆಯಲ್ಲೂ ಆ ಕಲ್ಲಿಗೆ ಬೆನ್ನು ಹಚ್ಚಿ ಕೂತರೆ ತಂಪು. ಆ ಜಾಗ ನಮ್ಮ ಆಯಿಯದು, ಅಂದರೆ ಅಪ್ಪನ ಅವ್ವನದು. ಆಕೆ ಎದ್ದು ಹೊರಗೆ ಹೋದ ಹೊತ್ತು ನೋಡಿ ನಾನು ಅಲ್ಲಿ ಕೂರುತ್ತಿದ್ದೆ. ಬಂದ ಕೂಡಲೇ ಕಾಲಿನಿಂದ ಒತ್ತಿ ಎಬ್ಬಿಸುತ್ತಿದ್ದಳು. ಶಹಾಪುರದಿಂದ ಸುರಪುರಕ್ಕೆ ಹೋಗುವ ಬಸ್ಸಿನವರಿಗೆ ನಮ್ಮ ಗುಡ್ಡ ಕಾಣುತ್ತಿತ್ತು, ನಾವು ಕಾಣುತ್ತಿರಲಿಲ್ಲ. ಬೇಡರ ಐದೇ ಮನೆಗಳ ದೊಡ್ಡಿ ಅದು. ಈಗ ಆ ಮನೆ ಇಲ್ಲ. ಅದೇನು ದೊಡ್ಡ ಮಾತಲ್ಲ, ಮನೆಗಳು ಬೀಳುತ್ತವೆ. ಆದರೆ ನಮ್ಮ ಮನೆ ಇದ್ದ ನೆಲವೇ ಇಲ್ಲ. ಅಲ್ಲಿ ಹೋಗಿ ನಿಲ್ಲುತ್ತೇನೆ ಅಂದರೆ ತಗ್ಗಿನ ಮೇಲಿನ ಗಾಳಿಯಲ್ಲಿ ನಿಲ್ಲಬೇಕಾಗುತ್ತದೆ. ಅದು ಹಾಗಾಗುವುದರಲ್ಲಿ ನನ್ನ ಕೈಯೂ ಇತ್ತು. ಮಾತಿಗೆ ಹೇಳುತ್ತಿಲ್ಲ, ಈ ಬಲಗೈಯೇ ಇತ್ತು.

ಒಳಗೆ ಒಂದೇ ಅಂಕಣ. ಒಂದು ಮೂಲೆಗೆ ಒಲೆ, ಅದರ ಪಕ್ಕ ಬೀಸುಕಲ್ಲು, ಬಾಗಿಲ ಬಲಕ್ಕೆ ಬುಟ್ಟಿ ಮುಚ್ಚಿದ ಆಡಿನ ಮರಿಗಳು. ಜೋಳ ಇದ್ದಾಗ ರೊಟ್ಟಿ, ಇಲ್ಲದಾಗ ನುಚ್ಚು, ಎರಡಕ್ಕೂ ಪುಂಡಿಪಲ್ಯ. ಸೀತಾಫಲದ ಕಾಲ ಬಂದರೆ ಮಾತ್ರ ನಮಗೆ ರೊಟ್ಟಿಯ ನೆನಪೇ ಆಗುತ್ತಿರಲಿಲ್ಲ. ಅವ್ವ ಉಳಿದ ಹೆಂಗಸರ ಜೊತೆ ಬುಟ್ಟಿ ಹೊತ್ತು ಇಳಿದು ಬೆಳಗಿನ ಬಸ್ಸಿಗೆ ಶಹಾಪುರಕ್ಕೆ ಹೋಗುತ್ತಿದ್ದಳು. ಚೆನ್ನಾಗಿದ್ದ ಹಣ್ಣು ಪೇಟೆಗೆ, ಹಕ್ಕಿ ಕುಕ್ಕಿದ್ದು ನಮಗೆ. ಹಕ್ಕಿ ಕುಕ್ಕಿದ್ದೇ ರುಚಿ ಅಂತ ಇವತ್ತಿಗೂ ವಾದ ಮಾಡುತ್ತೇನೆ. ಅಪ್ಪ ಹಗ್ಗ ಕಟ್ಟಿಕೊಂಡು ಬಂಡೆಯ ಅಂಚಿನಿಂದ ಇಳಿದು ಹೆಜ್ಜೇನು ಬಿಡಿಸುತ್ತಿದ್ದ. ಬಂಡೆಯ ಮೇಲೆ ಹುಲಿಯಂಥ ಅಪ್ಪ ಶಹಾಪುರದ ಕಚೇರಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಲ್ಲುವುದನ್ನು ನಾನು ಆಮೇಲೆ ನೋಡಿದೆ. ನೋಡಬಾರದಿತ್ತು.

ಮನೆಯಲ್ಲಿ ದಿನಾ ಒಂದು ಜಗಳ ಇದ್ದೇ ಇತ್ತು, ಅದು ನೀರಿನದು. ಮನೆಯಿಂದ ಕೂಗಳತೆಯ ದೂರದಲ್ಲಿ ಬಂಡೆಯ ಬುಡದಿಂದ ನೀರು ಜಿನುಗಿ ಒಂದು ಕುಳಿಯಲ್ಲಿ ನಿಲ್ಲುತ್ತಿತ್ತು. ಅದಕ್ಕೆ ವರತಿ ಅನ್ನುತ್ತಿದ್ದೆವು. ಐದು ಮನೆ, ಆಡು, ಹಕ್ಕಿ ಎಲ್ಲಕ್ಕೂ ಅದೇ. ಬತ್ತಿದ್ದನ್ನು ಯಾರೂ ಕಂಡಿರಲಿಲ್ಲ, ಉಕ್ಕಿದ್ದನ್ನೂ ಕಂಡಿರಲಿಲ್ಲ. ಬೊಗಸೆಯಿಂದ ಮೊಗೆದು ಕೊಡ ತುಂಬಿಸುವಷ್ಟರಲ್ಲಿ ಅವ್ವನ ಸಹನೆ ಮುಗಿಯುತ್ತಿತ್ತು.

"ಹಾರಿ ತಗೊಂಡು ಎರಡ ಏಟು ಹಾಕಿದ್ರ ಬಾಯಿ ದೊಡ್ಡದಾಗ್ತದ್ರಿ ಅತ್ತಿ. ಕೊಡ ತುಂಬೂದರಾಗ ನನ್ನ ಸೊಂಟ ಹಿಡೀತದ."

"ಕೊಟ್ಟಷ್ಟ ತಗೋ. ನಿನ್ನ ಅವಸರಕ್ಕ ಗುಡ್ಡದ ಹೊಟ್ಟಿ ಬಗೀಬೇಕೇನು?" ಅನ್ನುವಳು ಆಯಿ.

ಗುಡ್ಡದ ಮೇಲೆ ನಮ್ಮ ಯಾರ ಹೆಸರಿಗೂ ಪಹಣಿ ಇರಲಿಲ್ಲ. ಇದ್ದದ್ದು ಗುರುತು. ಯಾವ ಮನೆಗೆ ಯಾವ ಸೀತಾಫಲದ ಗಿಡ, ಯಾವ ಜೇನಿನ ಬಂಡೆ ಅನ್ನುವುದನ್ನು ಅಲ್ಲಿನ ಕಲ್ಲಿನ ಮೇಲೆ ಸುಣ್ಣದಿಂದ ಬರೆಯುತ್ತಿದ್ದರು. ನಮ್ಮದು ಮೂರು ಗೀಟು. ಪಕ್ಕದ ಮನೆಯ ತಿಪ್ಪಣ್ಣ ಕಾಕಾನದು ಒಂದು ಸುತ್ತು, ನಡುವೆ ಚುಕ್ಕೆ. ಗುರುತಿದ್ದ ಗಿಡದ ಹಣ್ಣು ಮಾಗಿ ನೆಲಕ್ಕೆ ಬಿದ್ದರೂ ಬೇರೆಯವರು ಮುಟ್ಟುತ್ತಿರಲಿಲ್ಲ. ಇದು ಎಲ್ಲ ಕಡೆ ಇರಬಹುದು. ಆದರೆ ನಮ್ಮಲ್ಲಿ ಇನ್ನೊಂದು ಇತ್ತು. ಗುರುತಿನ ಮನೆಯವರು ಊರಿಗೋ ದವಾಖಾನೆಗೋ ಹೋದಾಗ ಮಳೆಗೆ ಅದು ಮಾಸಿದರೆ, ಮೊದಲು ನೋಡಿದವರು ಮತ್ತೆ ಬಳಿಯಬೇಕು. ಆ ಮನೆಯವರ ಜೊತೆ ಮಾತು ಬಿಟ್ಟಿದ್ದರೂ ಬಳಿಯಬೇಕು. ಒಂದು ಆಡಿನ ಸಲುವಾಗಿ ಅಪ್ಪನೂ ತಿಪ್ಪಣ್ಣ ಕಾಕಾನೂ ವರ್ಷವಿಡೀ ಮುಖ ತಿರುಗಿಸಿಕೊಂಡು ಓಡಾಡಿದರು. ಆ ವರ್ಷವೂ ಅಪ್ಪ ಬಾಯಿ ತುಂಬ ಬೈಯುತ್ತ ಕಾಕಾನ ಚುಕ್ಕೆ ತಿದ್ದಿದ. ನನಗೆ ಒಂಬತ್ತು ತುಂಬಿದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಅಮಾವಾಸ್ಯೆಯ ಮರುದಿನ ತೆಂಗಿನ ಚಿಪ್ಪಿನಲ್ಲಿ ಸುಣ್ಣ, ಈಚಲ ಕಡ್ಡಿಯ ತುದಿ ಜಜ್ಜಿ ಮಾಡಿದ ಕುಂಚ, ಮುಂದೆ ಆಡುಗಳು. ಐದೂ ಮನೆಯವರು "ನಮ್ದು ನೋಡಿ ಬಾರವ್ವ" ಅನ್ನುತ್ತಿದ್ದರು. ಅಷ್ಟು ದೊಡ್ಡಸ್ತಿಕೆ ನನಗೆ ಆಮೇಲೆ ಸರಕಾರಿ ನೌಕರಿ ಬಂದಾಗಲೂ ಸಿಗಲಿಲ್ಲ.

ನೆಲ ಅಳೆಯುವ ಮೋಜಣಿಯವರು ಮೂರು ಜನ ಬಂದದ್ದು ಒಂದು ಉರಿಬಿಸಿಲಿನ ದಿನ. ಆಯಿ ನೀರು ಕೊಟ್ಟಳು, ಕುಡಿದರು, ತಂಪಾಗಿದೆ ಎಂದು ಮತ್ತೆ ಕೇಳಿ ಕುಡಿದರು. ಮೂರು ಕಾಲಿನ ಯಂತ್ರ ನಿಲ್ಲಿಸಿ, ಸರಪಳಿ ಎಳೆದು, ಬಂಡೆಗಳ ಮೇಲೆ ಸುಣ್ಣದಿಂದ ಅಡ್ಡಉದ್ದ ಗೀಟು ಹಾಕಿ ಕೆಳಗೆ ಅಂಕಿ ಬರೆಯುತ್ತ ಹೋದರು. ಹನ್ನೊಂದು ಗುರುತು. ನಮ್ಮ ಮನೆ, ತಿಪ್ಪಣ್ಣ ಕಾಕಾನ ಮನೆ, ವರತಿ, ಮೂರೂ ಒಳಗೆ ಬರುವ ಹಾಗೆ ಒಂದು ಸುತ್ತು. ಅಪ್ಪ ಹತ್ತಿರ ಹೋಗಿ ಕೇಳಿದ.

"ಇದು ಯಾರ ಗುರುತ್ರಿ ಸಾಹೇಬ್ರ?"

"ಸರಕಾರದ್ದು."

"ಸರಕಾರಕ್ಕ ಇಲ್ಲೇನು ಬೇಕಾಗ್ಯಾದ್ರಿ?"

"ಈಗೇನಿಲ್ಲ, ಮುಂದ ನೋಡಾಮು. ನೀವು ಅಳಿಸಬ್ಯಾಡ್ರಿ, ಅಷ್ಟ."

ಅವರು ಇಳಿದು ಹೋದ ಮೇಲೆ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅಳಿಸಬೇಡಿ ಅಂತ ನಮಗೆ ಹೇಳುತ್ತಾನಲ್ಲ ಈ ಮನುಷ್ಯ, ಮೀನಿಗೆ ಈಜು ಕಲಿಸಲು ಬಂದವನು! ಐದು ಮನೆಯವರು ಕೂತು ಮಾತಾಡಿದಾಗ ಆಯಿಯೇ ಅದಕ್ಕೊಂದು ಅರ್ಥ ಕಟ್ಟಿದಳು.

"ಸರಕಾರನೂ ಒಂದ ಮನಿ ಅಂತ ತಿಳಕೋರಿ. ಆರನೇದು. ಗುರುತ ಹಾಕ್ಯದ, ಸುಗ್ಗಿಗೆ ಬಂದು ತನ್ನ ಪಾಲ ತಗೊಂಡು ಹೋಗ್ತದ."

ನಂಬಿ, ಆ ವರ್ಷ ಸುತ್ತಿನ ಒಳಗಿನ ಗಿಡಗಳ ಹಣ್ಣನ್ನು ನಾವು ಕೀಳಲಿಲ್ಲ. ನಮ್ಮ ಮನೆಯ ಬಾಗಿಲೆದುರಿನ ಗಿಡದ್ದನ್ನೂ ಬಿಟ್ಟೆವು. ಸರಕಾರ ಬುಟ್ಟಿ ಹೊತ್ತು ಬರಲಿಲ್ಲ. ಗಿಳಿಗಳು ತಿಂದವು, ಉಳಿದದ್ದು ಬಿದ್ದು ಕೊಳೆಯಿತು. "ಸರಕಾರಕ್ಕ ಸೀತಾಫಲ ಸೇರೂದಿಲ್ಲ ಕಾಣ್ತದ, ನೆಗಡಿ ಆಗ್ತದೇನೋ" ಅಂದ ತಿಪ್ಪಣ್ಣ ಕಾಕಾ. ನಾವು ದಡ್ಡರಿದ್ದೆವು ಅಂತ ಓದುವವರಿಗೆ ಅನ್ನಿಸಬಹುದು. ದಡ್ಡರಲ್ಲ. ಗುಡ್ಡದ ಮೇಲೆ ಬೆಳೆದದ್ದನ್ನು ಯಾರು ಬೇಕಾದರೂ ಹಿಡಿಯಬಹುದಿತ್ತು. ಗುಡ್ಡವನ್ನೇ ಹಿಡಿಯುವುದುಂಟು ಅನ್ನುವುದು ನಮ್ಮ ಹಿರಿಯರ ತಲೆಗೂ ಹೊಳೆದಿರಲಿಲ್ಲ, ನಮಗೆ ಹೇಗೆ ಹೊಳೆಯಬೇಕು?

ಮಳೆ ಬಂತು, ಸರಕಾರದ ಸುಣ್ಣ ಮಾಸಿತು. ಆರನೇ ಮನೆಯವರು ಊರಲ್ಲಿಲ್ಲ. ನಾನು ಬಳಿದೆ. ಎರಡು ಮಳೆಗಾಲ, ಒಂದು ಅಮಾವಾಸ್ಯೆಯೂ ತಪ್ಪಿಸದೆ ಬಳಿದೆ. ನಮ್ಮ ಮೂರು ಗೀಟು ಎಳೆಯಲು ಏನು ಕಷ್ಟ? ಸರಕಾರದ ಗುರುತಿನಲ್ಲಿ ಅಂಕಿಗಳಿದ್ದವು, ಅವುಗಳ ಹೊಟ್ಟೆ ಕುತ್ತಿಗೆ ಕೆಡದಂತೆ ತಿದ್ದಬೇಕು. ಕೆಳಗಿನ ಊರಿನ ಸಾಲೆಯಲ್ಲಿ ಮಾಸ್ತರರು ನನ್ನ ಪಾಟಿ ಎತ್ತಿ ಎಲ್ಲರಿಗೂ ತೋರಿಸಿ, ಗುಡ್ಡದ ಹುಡುಗಿಯ ಅಂಕಿ ನೋಡಿ ಕಲೀರಿ ಅಂದರು. ನನ್ನ ಅಕ್ಷರ ದುಂಡಗಾದದ್ದು ಆ ಬಂಡೆಗಳ ಮೇಲೆಯೇ. ಈಗ ನಾನೇ ಮಕ್ಕಳಿಗೆ ಅಂಕಿ ಬರೆಸುತ್ತೇನೆ. ಎಂಟು ಬರೆಯುವಾಗ ಕೈ ಒಮ್ಮೊಮ್ಮೆ ತಡೆಯುತ್ತದೆ. ಎಂಟನೆಯ ಗುರುತು ವರತಿಯ ನೆತ್ತಿಯ ಮೇಲಿತ್ತು.

ಎರಡನೆಯ ವರ್ಷ ಹೆಜ್ಜೇನು ಬಂಡೆಗೆ ಕಟ್ಟಲಿಲ್ಲ. ಗುಡ್ಡದ ಬುಡದಲ್ಲಿ ಕೆಂಪು ರಸ್ತೆಯೊಂದು ದಿನಕ್ಕಿಷ್ಟು ನಮ್ಮ ಕಡೆಗೆ ಉದ್ದವಾಗುತ್ತಿತ್ತು. ಯಾವ ಊರಿಗೂ ಹೋಗದ ರಸ್ತೆ. ಅವ್ವ ಅದನ್ನು ನೋಡಿ ಬಂದ ದಿನ ಆಯಿಗೆ ಅಂದಳು:

"ನಮ್ಮ ವರತಿ ಸುತ್ತ ನಮ್ಮ ಹುಡುಗಿ ಕೈಲೇ ಮಂದಿ ಗುರುತ ಬಳಿಸ್ತೀರಲ್ಲ, ನನಗ್ಯಾಕೋ ಸರಿ ಕಾಣವಲ್ದು."

"ನೇಮ ಅಂದ್ರ ನಮಗ ಬೇಕಾದವರಿಗೆ ಅಷ್ಟ ಅಲ್ಲ," ಅಂದಳು ಆಯಿ.

ಆ ರಸ್ತೆಯಲ್ಲೇ ಜೀಪು ಬಂತು. ಮೊದಲಿನ ಮೋಜಣಿಯವನು, ಅವನ ಮೇಲಿನ ಒಬ್ಬ ಸಾಹೇಬ, ಮತ್ತೆ ಬಿಳಿ ಬೂಟಿನ ಒಬ್ಬ ಗುತ್ತಿಗೆದಾರನ ಮನುಷ್ಯ. ಗುರುತು ಹುಡುಕಲು ಇಡೀ ದಿನ ಬೇಕು ಅಂತ ಬುತ್ತಿ ಕಟ್ಟಿಕೊಂಡು ಬಂದಿದ್ದರು. ನಿನ್ನೆ ಹಾಕಿದ ಹಾಗೆ ಹನ್ನೊಂದೂ ಹೊಳೆಯುತ್ತಿದ್ದವು. ಸಾಹೇಬ ಕಣ್ಣರಳಿಸಿ, ಇದನ್ನೆಲ್ಲ ಯಾರು ಕಾಪಾಡಿದರು ಅಂತ ಕೇಳಿದ. ಅಪ್ಪ ನನ್ನ ಹೆಗಲು ಹಿಡಿದು ಮುಂದೆ ನೂಕಿದ.

"ನಮ್ಮ ದ್ಯಾವಿ ರೀ. ಒಂದ ಅಮಾಸಿನೂ ತಪ್ಪಿಸಿಲ್ಲ. ಸಾಲಿಗೂ ಹೋಗ್ತಾಳ."

ಸಾಹೇಬ ನನ್ನ ತಲೆ ಸವರಿದ. ನಮ್ಮ ಮನೆಯ ಮುಂದಿನ ಕಲ್ಲಿನ ಮೇಲೆ ಕೂತು ಪಂಚನಾಮೆ ಬರೆಸಿದ. ಹೆಬ್ಬೆಟ್ಟಿನ ಮಸಿ ತೆಗೆದಾಗ ಅಪ್ಪ, ಮಗಳು ಓದಲಿ ಆಮೇಲೆ ಒತ್ತುತ್ತೇನೆ ಅಂದ. ಅಪ್ಪ ಅಷ್ಟು ಹುಷಾರಿನವನೇ. ನಾನು ಎದ್ದು ನಿಂತು, ಸಾಲೆಯಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದಿದೆ. ಗಡಿ ಗುರುತುಗಳು ಸುಸ್ಥಿತಿಯಲ್ಲಿವೆ. ಸ್ಥಳದ ನಿವಾಸಿಗಳೇ ಅವುಗಳನ್ನು ಕಾಪಾಡಿಕೊಂಡು ಬಂದಿರುತ್ತಾರೆ. ಸದರಿ ಗುರುತುಗಳ ಬಗ್ಗೆ ಯಾರದೂ ತಕರಾರು ಇರುವುದಿಲ್ಲ.

"ಮೊದಲಿನವ ಎರಡೂ ಖರೇ ಅವ," ಅಂದ ಅಪ್ಪ. "ಮೂರನೇದು ಏನ್ರಿ?"

"ಗುರುತಿನ ಬಗ್ಗೆ ನಿನ್ನ ತಕರಾರು ಅದನೋ ಇಲ್ಲೋ?"

"ಗುರುತಿಂದು ಏನ್ರಿ ತಕರಾರು. ಇಲ್ರಿ."

"ಮತ್ತ ಒತ್ತು."

ಸುಳ್ಳಿನ ಕಾಗದವಾಗಿದ್ದರೆ ಅಪ್ಪ ಕೈ ಹಿಂದಕ್ಕೆ ತೆಗೆಯುತ್ತಿದ್ದ. ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಐದು ಮನೆಯ ಹೆಬ್ಬೆಟ್ಟು ಸಾಲಾಗಿ ಬಿದ್ದವು. ಎಲ್ಲ ಮುಗಿದು ಹೊರಡುವಾಗ ಬಿಳಿ ಬೂಟಿನವನು ಒಳ್ಳೆಯ ಮಾತು ಹೇಳುವ ಹಾಗೆ ಆಯಿಗೆ ಹೇಳಿದ:

"ಮುಂದಿನ ತಿಂಗಳ ಒಳಗ ಸಾಮಾನೆಲ್ಲ ಕೆಳಗ ಇಳಿಸ್ಕೋರಿ ಅಜ್ಜಿ. ಮದ್ದು ಹಚ್ಚೂ ಮುಂದ ಕಲ್ಲು ಸಿಡೀತಾವ."

"ಯಾವ ಕಲ್ಲೋ ತಮ್ಮಾ?"

"ಇವೇ," ಅಂದು ಅವನು ನಮ್ಮ ಮನೆಯ ಹಿಂಗೋಡೆಯನ್ನು ಅಂಗೈಯಿಂದ ತಟ್ಟಿದ. "ಭಾಳ ಛಲೋ ಕಲ್ಲ ಅದ. ದೊಡ್ಡ ರಸ್ತಾಕ್ಕ ಖಡಿ ಬೇಕಲ್ಲ."

ಆ ದಿನ ಮನೆಯಲ್ಲಿ ಒಲೆ ಹತ್ತಲಿಲ್ಲ. ಸಂಜೆ ಐದೂ ಮನೆಯವರು ವರತಿಯ ಹತ್ತಿರ ಕೂತರು. ಉಳಿದ ಮೂರು ಮನೆಗಳು ಸುತ್ತಿನ ಹೊರಗಿದ್ದವು, ನಿಜ. ಆದರೆ ವರತಿ ಹೋದ ಮೇಲೆ ಯಾರ ಮನೆ ಇದ್ದೇನು? ತಿಪ್ಪಣ್ಣ ಕಾಕಾ ಎದ್ದು ನಿಂತು, ಸುಣ್ಣ ಅಳಿಸಿಬಿಡೋಣ ಅಂದ.

"ಗುರುತ ಇದ್ರ ತಾನ ಅಳತಿ? ತಿಕ್ಕಿ ತೊಳದು ಬಿಡಾಮು. ಯಾರ ಹಾಕಿದ್ರು, ಎಲ್ಲಿ ಹಾಕಿದ್ರು, ನಮಗ ಗೊತ್ತಿಲ್ಲ ಅನ್ನಾಮು."

"ಬಾಯಾಗ ಅಂದಿದ್ದು ಸಾಕು," ಅಂದಳು ಆಯಿ. "ಅಳಿಸಿದವರ ಕೈಯಾನ ನೀರ ಜೀವ ಇರೂತನಕ ಮುಟ್ಟೂದಿಲ್ಲ. ತಿಂಥಣಿ ಮೌನಪ್ಪನ ಆಣಿ. ಹೊಟ್ಟಿಲೆ ಹುಟ್ಟಿದ ಮಗ ಆದ್ರೂ ಅಷ್ಟ."

ಅದು ಹೊಸ ಮಾತಲ್ಲ, ಇನ್ನೊಬ್ಬರ ಗುರುತು ಅಳಿಸಿದವರಿಗೆ ದೊಡ್ಡಿಯ ಹಳೆಯ ಶಿಕ್ಷೆ. ಕಚೇರಿಗೆ ಹೋಗಿ ಕೈಮುಗಿದು ಕೇಳುವುದು ಅಂತಾಯಿತು. ಅಪ್ಪ, ಕಾಕಾ, ಓದಲು ಬರುತ್ತದೆ ಅಂತ ನಾನು, ಮೂವರೂ ಶಹಾಪುರಕ್ಕೆ ಹೋದೆವು. ಅಪ್ಪ ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತದ್ದು ಆಗಲೇ. ಒಳಗಿದ್ದವರು ಪಂಚನಾಮೆ ತೆಗೆದು ತೋರಿಸಿ, ತಕರಾರು ಇದ್ದವರು ಎರಡು ವರ್ಷ ಸುಣ್ಣ ಬಳಿಯುತ್ತಾರೇನು ಅಂತ ಕೇಳಿದರು. ಕೇಳಿದ್ದು ಅಪ್ಪನನ್ನು. ಆದರೆ ಅಪ್ಪ ನನ್ನ ಕಡೆ ತಿರುಗಿ ನೋಡಿದ. ಸಿಟ್ಟಿನಿಂದಲ್ಲ, ತಾನೇನು ಹೇಳಬೇಕು ಅಂತ ನನ್ನನ್ನೇ ಕೇಳುವ ಹಾಗೆ. ಅವತ್ತಿನಿಂದ ನಾನು ಮಕ್ಕಳ ಹಾಗೆ ನಿದ್ದೆ ಮಾಡಿಲ್ಲ.

ಮರುದಿನ ಆಡು ಹೊಡೆದುಕೊಂಡು ಹೋದವಳು ಮರಳು, ಹಸಿ ಗೋಣಿ ಇಟ್ಟುಕೊಂಡು ಒಂದನೆಯ ಗುರುತನ್ನು ತಿಕ್ಕತೊಡಗಿದೆ. ಒಂದರ ಮೇಲೊಂದು ನಾನೇ ಮೆತ್ತಿದ್ದ ಸುಣ್ಣ, ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಉಗುರಿನ ಸಂದಿಯಲ್ಲಿ ರಕ್ತ ಬಂತು. ಎರಡು ದಿನದಲ್ಲಿ ಹತ್ತು ಅಳಿಸಿದೆ. ನಾನು ಹಾಳು ಮಾಡಿದ್ದನ್ನು ನಾನೇ ಸರಿ ಮಾಡುತ್ತಿದ್ದೇನೆ, ಆಯಿಗೆ ಕಡೆಗೆ ಖುಷಿಯೇ ಆಗುತ್ತದೆ ಅಂತ ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ. ಎಂಟನೆಯದನ್ನು ಕಡೆಗೆ ಉಳಿಸಿದ್ದೆ, ಅಲ್ಲಿ ಜನ ಓಡಾಡುತ್ತಾರೆ ಅಂತ. ಅದರ ಅರ್ಧ ಹೊಟ್ಟೆ ಅಳಿಸಿದ್ದೆ, ಹಿಂದೆ ಆಯಿ ಕೊಡ ಹಿಡಿದು ನಿಂತಿದ್ದಳು. ಬೈಯಲಿಲ್ಲ, ಹೊಡೆಯಲೂ ಇಲ್ಲ. ನೀರು ತುಂಬಿಕೊಳ್ಳದೆ ಹಾಗೇ ತಿರುಗಿ ಹೋದಳು. ಊಟಕ್ಕೆ ಕೂತಾಗ ಎಂದಿನಂತೆ ಎಲ್ಲರಿಗೂ ನೀರು ಇಡುವ ಸರದಿ ನನ್ನದು. ಆಯಿ ನಾನಿಟ್ಟ ಚರಗಿಯನ್ನು ಒಂದು ಬೆರಳಿನಿಂದ ದೂರ ಸರಿಸಿದಳು. ಅಪ್ಪ, ಅವ್ವ ಇಬ್ಬರಿಗೂ ಆಗ ಗೊತ್ತಾಯಿತು. ಅವ್ವ ಎದ್ದು ಬೇರೆ ಚರಗಿಯಲ್ಲಿ ನೀರು ತಂದುಕೊಟ್ಟಳು. ಉಳಿದ ಮಾತಿಗೆಲ್ಲ ಆಯಿ ಮೊದಲಿನ ಹಾಗೇ ಇದ್ದಳು. ನನ್ನ ತಲೆ ಬಾಚಿದಳು, ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟಳು. ನೀರು ಮಾತ್ರ ಮುಟ್ಟಲಿಲ್ಲ. ನನಗೆ ಏಟು ಬಿದ್ದಿದ್ದರೆ ವಾಸಿ ಇತ್ತು.

ಹೇಳಿದ ತಿಂಗಳಿಗೆ ಯಂತ್ರಗಳು ಹತ್ತಿ ಬಂದವು. ಕಲ್ಲಿನ ಮೇಲೆ ಗುರುತಿಲ್ಲ ಅಂತ ಯಾರೂ ತಲೆ ಕೆರೆದುಕೊಳ್ಳಲಿಲ್ಲ. ಅವರ ಹತ್ತಿರ ನಕ್ಷೆ ಇತ್ತು. ಹುಡುಗನೊಬ್ಬ ಬೀಡಿ ಸೇದುತ್ತಲೇ ಕೆಂಪು ಬಣ್ಣದಿಂದ ಹನ್ನೊಂದನ್ನೂ ಮತ್ತೆ ಹಾಕಿ ಮುಗಿಸಿದ, ಇನ್ನೂ ಮಧ್ಯಾಹ್ನದ ಊಟದ ಹೊತ್ತು ಆಗಿರಲಿಲ್ಲ. ನಾನು ಬಳಿದದ್ದು ಅವರಿಗೆ ಉಪಯೋಗವಾಯಿತು, ಅಳಿಸಿದ್ದು ನಮಗೆ ಆಗಲಿಲ್ಲ. ನಮಗೆ ಕೆಳಗೆ ರಸ್ತೆಯ ಬದಿ ಐದು ಟೀನಿನ ಶೆಡ್ಡು ಕೊಟ್ಟರು. ಮೊದಲ ಮದ್ದು ಹಾರಿದ ದಿನ ನಾವೆಲ್ಲ ಅಲ್ಲಿಂದ ನೋಡುತ್ತಿದ್ದೆವು. ಮೊದಲು ಹೊಗೆ ಕಂಡಿತು, ಸದ್ದು ಆಮೇಲೆ ಬಂತು, ಆಡುಗಳು ಒಟ್ಟಿಗೆ ಕೂಗಿಕೊಂಡವು. ವರತಿಯ ನೀರು ನಾಲ್ಕು ದಿನ ಕೆಂಪಗೆ ಬಂದು ನಿಂತುಹೋಯಿತು ಅಂತ ಕಾಕಾ ಹತ್ತಿ ನೋಡಿ ಬಂದು ಹೇಳಿದ. ಆಯಿ ಕೇಳಿಸಿಕೊಂಡು ಗೋಡೆಯ ಕಡೆ ಹೊರಳಿ ಮಲಗಿದಳು. ಟೀನಿನ ಗೋಡೆ, ಮುಟ್ಟಿದರೆ ಸುಡುವಂಥದು.

ಮುಂದೆ ಅಪ್ಪ, ಅವ್ವ, ಕಾಕಾ ಎಲ್ಲರೂ ಆ ಕಲ್ಲು ಒಡೆದು ಜಲ್ಲಿ ಮಾಡುವ ಖಡಿ ಮಷೀನಿಗೇ ಕೂಲಿಗೆ ಹೋದರು, ಹೋಗದೆ ಏನು ಮಾಡಬೇಕು? ತಮ್ಮ ಗುಡ್ಡವನ್ನು ತಾವೇ ಬುಟ್ಟಿಯಲ್ಲಿ ಹೊತ್ತು ಹಾಕಿದರು. ಉಳಿದವರು ಹಳೆಯ ಶಿಕ್ಷೆಯನ್ನು ಮರೆತು ನನ್ನ ಕೈಯಿಂದ ನೀರು ಇಸಿದುಕೊಳ್ಳುತ್ತಿದ್ದರು. ಆಯಿ ಮರೆಯಲಿಲ್ಲ. ಒಂದೂವರೆ ವರ್ಷ, ಕೆಮ್ಮು ಹತ್ತಿ, ಕಣ್ಣಿಗೆ ಪೊರೆ ಬಂದು, ಎದುರು ನಿಂತವರು ನೆರಳಾಗಿ ಮಾತ್ರ ಕಾಣುವ ತನಕವೂ, ಬಾಯಾರಿದರೆ ಬೇರೆಯವರನ್ನು ಕರೆಯುತ್ತಿದ್ದಳು. ಒಂದು ಮಧ್ಯಾಹ್ನ ನಾನು ಸಾಲೆಯಿಂದ ಬಂದಾಗ ಐದು ಶೆಡ್ಡಿನಲ್ಲೂ ಆಯಿ ಬಿಟ್ಟರೆ ಜನ ಇರಲಿಲ್ಲ. ಮೈ ಕೆಂಡವಾಗಿತ್ತು, ತುಟಿ ಒಡೆದಿತ್ತು. ನಾನು ಬಂದ ಸಪ್ಪಳಕ್ಕೆ ನೀರು ಅಂದಳು. ಚರಗಿ ತುಂಬಿಕೊಂಡು ಹತ್ತಿರ ಕೂತೆ. ಬಾಯಿಗೆ ಹಿಡಿಯಲು ಧೈರ್ಯವಾಗದೆ ಹಾಗೇ ಕೂತಿದ್ದೆ.

"ಯಾರದು? ಭೀಮೀ?" ಅಂದಳು. ಭೀಮವ್ವ ನಮ್ಮ ಅವ್ವನ ಹೆಸರು.

"ಹೂನ್ರಿ ಅತ್ತಿ, ನಾನ," ಅಂದೆ.

ಎರಡೂ ಕೈಯಿಂದ ಚರಗಿ ಹಿಡಿದು ಗಟಗಟ ಕುಡಿದಳು. ಇನ್ನೊಂದು ಚರಗಿ ಕೇಳಿ ಕುಡಿದಳು. ಆಕೆಯ ಸೆರಗಿನಿಂದಲೇ ಬಾಯಿ ಒರೆಸಿದೆ. ಆಮೇಲೆ ಅಂದಳು:

"ಆ ಹುಡುಗಿ ಸಾಲಿಂದ ಬರೂ ಹೊತ್ತಾತು. ಬಿಸಲಾಗ ನಡಕೋತ ಬರ್ತಾಳ, ನೀರಡಿಸಿರ್ತದ. ಆಕಿಗೊಂದೀಟ ತಗದಿಡು. ನಾ ಹೇಳೀನಂತ ಹೇಳಬ್ಯಾಡ ಮತ್ತ."

ಹೂಂ ಅಂದೆ. ಮೂರು ದಿನಕ್ಕೆ ಆಯಿ ತೀರಿಕೊಂಡಳು. ಮೌನಪ್ಪನ ಮೇಲಿಟ್ಟ ಆಣೆಯನ್ನು ಕಡೆಯ ತನಕ ಕಾಯ್ದ ಮುದುಕಿ ಅಂತ ಐದೂ ಮನೆಯವರು ಹೆಣದ ಮುಂದೆ ಹೊಗಳಿದರು. ನಾನು ಬಾಯಿ ಬಿಡಲಿಲ್ಲ. ಅವ್ವನಿಗೂ ಇವತ್ತಿನ ತನಕ ಹೇಳಿಲ್ಲ.